ಇಳಿಜಾರಿನಲ್ಲಿ ನಿಂತ ಮೋಟಾರಿನಿಂದ ಎಂಜಿನು ತೆಗೆಯುವ ಬಗೆ

ಮೋಟಾರು ಗಾಡಿಯ ಎಂಜಿನನ್ನು ಹೊರತೆಗೆಯುವ ಕೆಲಸವು ದೊಡ್ಡ ಕಾರಖಾನೆಗಳಲ್ಲಿ ಮಾತ್ರ ನಡೆಯತಕ್ಕದ್ದೆಂದು ನಗರದಲ್ಲಿ ಬೆಳೆದ ನಮ್ಮ ವಿದ್ಯಾರ್ಥಿಗಳು ಭಾವಿಸಿರಬಹುದು. ವಾಸ್ತವವಾಗಿ ಹಾಗಿಲ್ಲ. ನಾಸಿಕ ಜಿಲ್ಲೆಯ ದಿಂಡೋರಿ ತಾಲೂಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಹ್ಯಾದ್ರಿಯ ಪೂರ್ವದ ಮಗ್ಗುಲಲ್ಲಿರುವ ಈ ಸೀಮೆಯು ದ್ರಾಕ್ಷಿಯ ತೋಟಗಳಿಗೆ ಹೆಸರಾದುದು. ಕಾದವಾ ನದಿಗೆ ಕಟ್ಟಿದ ಕರಂಜವಣ ಮತ್ತು ಪಾಲಖೇಡ ಅಣೆಕಟ್ಟುಗಳ ನೀರು ಇಲ್ಲಿನ ಹೊಲಗಳಿಗೆ ಹರಿಯುತ್ತದೆ. ನೆಲವು ಸಮತಟ್ಟಲ್ಲ, ದಿಣ್ಣೆ ತಗ್ಗುಗಳಿಂದ ಕೂಡಿದುದು. ಮಳೆಗಾಲದ ನೀರು ನಿಲ್ಲದಿರಲೆಂದು ತೋಟದ ಮನೆಗಳನ್ನು ಎತ್ತರದಲ್ಲಿ ಕಟ್ಟಿಕೊಂಡಿರುತ್ತಾರೆ. ಆದುದರಿಂದ ಮನೆಯ ಅಂಗಳದಿಂದ ರಸ್ತೆಗೆ ಇಳಿಯುವ ದಾರಿಯು ಎಷ್ಟೋ ಕಡೆ ಇಳಿಜಾರಾಗಿಯೇ ಇರುತ್ತದೆ. ಹಣ್ಣು, ಗೊಬ್ಬರ, ಆಳುಗಳನ್ನು ಸಾಗಿಸುವ ಜೀಪಿಗೆ ಎಂಜಿನು ಬಿಚ್ಚುವಂಥ ದೊಡ್ಡ ಬೇನೆ ಬಂದರೆ, ಅದನ್ನು ನಾಸಿಕದವರೆಗೆ ಎಳೆದೊಯ್ಯುವ ವೆಚ್ಚವನ್ನು ಉಳಿಸಲು ಮೇಸ್ತ್ರಿಯನ್ನೇ ಮನೆಗೆ ಕರೆಯುವುದುಂಟು.

ಅದೇ ಜಿಲ್ಲೆಯ ಇಗತಪುರಿಯಲ್ಲಿ ಮಹೀಂದ್ರಾ ಕಂಪೆನಿಯವರ ಎಂಜಿನು ತಯಾರಿಸುವ ಕಾರಖಾನೆಯಿದೆ. ಅಂಥ ಕಾರಖಾನೆಯ ನೆಲವು ನೀರು ನಿಂತರೆ ಅತ್ತಿತ್ತ ಹರಿಯದಷ್ಟು ಮಟ್ಟವಾಗಿರುತ್ತದೆ. ಭಾರವನ್ನು ಎತ್ತಲು ಯಂತ್ರಗಳಿರುತ್ತವೆ. ಮನೆಯ ಅಂಗಳದಲ್ಲಾದರೋ ಇರುವುದು ಮೂರು ಕಂಬ, ಒಂದು ಸರಪಳಿ ರಾಟೆ, ನಾಲ್ಕು ಜನರ ತೋಳು. ಇಷ್ಟರಿಂದಲೂ ಕೆಲಸವಾಗುತ್ತದೆ. ಆದರೆ ನೆಲವು ಇಳಿಜಾರಾಗಿದ್ದರೆ ಅದೇ ಕೆಲಸವು ಪ್ರಾಣಕ್ಕೆ ಎರವಾಗಬಲ್ಲುದು. ಏಕೆಂಬುದನ್ನು ತಿಳಿದುಕೊಳ್ಳಲು ನೀವು ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರವೂ ರೇಖಾಗಣಿತವೂ ಸಾಕು.

ಮೊದಲು ಇಳಿಜಾರಿನ ಬಲವನ್ನು ನೋಡೋಣ. ಇಳಿಜಾರಿನ ಮೇಲಿಟ್ಟ ಭಾರವು ಎಷ್ಟು ಬಲದಿಂದ ಕೆಳಕ್ಕೆ ಜಾರಬಯಸುತ್ತದೆಂಬುದನ್ನು ಸೀಮೋನ್ ಸ್ಟೆವಿನ್ ಎಂಬ ಗಣಿತಜ್ಞನು 1586ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹದಿನಾಲ್ಕು ಗುಂಡುಗಳ ಮಾಲೆಯೊಂದರ ಚಿತ್ರದಿಂದ ವಿವರಿಸಿದನು. ಅದರ ಸಾರಾಂಶವಿಷ್ಟು: ಹತ್ತು ಅಡಿ ನಡೆದರೆ ಒಂದು ಅಡಿ ಏರುವ ದಾರಿಯಲ್ಲಿ ಭಾರದ ಹತ್ತನೆಯ ಒಂದು ಪಾಲು ಕೆಳಕ್ಕೆ ಎಳೆಯುತ್ತದೆ, ಐದು ಅಡಿಗೆ ಒಂದು ಅಡಿ ಏರಿದರೆ ಐದನೆಯ ಒಂದು ಪಾಲು. ಮುಂಬಯಿಯಿಂದ ನಾಸಿಕಕ್ಕೆ ಹೋಗುವ ರೈಲುದಾರಿಯು ಕಸಾರಾ ಮತ್ತು ಇಗತಪುರಿಗಳ ನಡುವೆ ಥಳ ಘಾಟವನ್ನು ಏರುತ್ತದೆ. 1865ರಲ್ಲಿ ತೆರೆದ ಈ ದಾರಿಯ ಏರು 37ಕ್ಕೆ 1. ಇಷ್ಟು ಸಣ್ಣ ಏರಿಗೂ ಹಿಂದಿನಿಂದ ನೂಕುವ ಹೆಚ್ಚಿನ ಎಂಜಿನುಗಳನ್ನು ಜೋಡಿಸಬೇಕಾಗುತ್ತದೆ. ನಮ್ಮ ಕರ್ನಾಟಕದ ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಿನ ಘಟ್ಟದ ರೈಲುದಾರಿಯ ಏರು 50ಕ್ಕೆ 1. ಇವೆರಡನ್ನೂ 10ಕ್ಕೆ 1 ಇಳಿಯುವ ಒಂದು ಅಂಗಳದೊಡನೆ ಹೋಲಿಸಿರಿ. ನೋಟಕ್ಕೆ ಸೌಮ್ಯವೆನಿಸುವ ಆ ಅಂಗಳವು ಘಟ್ಟದ ರೈಲುದಾರಿಗಿಂತ ಸುಮಾರು ನಾಲ್ಕೈದು ಪಟ್ಟು ಕಡಿದು! ಅಲ್ಲಿ ನಿಂತ 1000 ಕಿಲೋಗ್ರಾಂ ತೂಕದ ಗಾಡಿಯು ಹಗಲೂ ಇರುಳೂ ಸುಮಾರು 100 ಕಿಲೋಗ್ರಾಂ ಭಾರದಷ್ಟು ಬಲದಿಂದ ರಸ್ತೆಯತ್ತ ಎಳೆಯುತ್ತಲೇ ಇರುತ್ತದೆ. ಅದು ಸುಮ್ಮನೆ ನಿಂತಿರುವಂತೆ ಕಾಣುವುದು ಯಾವುದೋ ಒಂದು ಅದನ್ನು ಹಿಡಿದುಕೊಂಡಿರುವುದರಿಂದ ಮಾತ್ರ.

ಹಿಡಿದುಕೊಂಡಿರುವುದು ಯಾವುದು? ಈ ವಿಷಯದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಚಾಲಕನು ಗಾಡಿಯನ್ನು ನಿಲ್ಲಿಸಿದ ಮೇಲೆ ಗೇರಿನಲ್ಲಿ ಬಿಟ್ಟು ಇಳಿಯುತ್ತಾನೆ. ಆಗ ಚಕ್ರಗಳು ತಿರುಗಬೇಕಾದರೆ ಎಂಜಿನೂ ತಿರುಗಬೇಕು. ಎಂಜಿನು ತಿರುಗಬೇಕಾದರೆ ಅದರ ಸಿಲಿಂಡರಿನೊಳಗಿನ ಗಾಳಿಯು ಅದುಮಲ್ಪಡಬೇಕು. ಆ ಗಾಳಿಯ ಎದುರೊತ್ತೇ ಗಾಡಿಯನ್ನು ತಡೆದಿರುತ್ತದೆ. ಎಂದರೆ, ನಿಂತ ಗಾಡಿಗೆ ಎಂಜಿನೇ ಒಂದು ಬ್ರೇಕು. ಆ ಎಂಜಿನನ್ನೇ ಬಿಚ್ಚಿ ತೆಗೆದಾಗ ಗೇರು ಯಾವುದನ್ನೂ ಹಿಡಿಯಲಾರದು.

ಕೈಬ್ರೇಕು ಇದೆಯಲ್ಲ ಎಂದು ನೀವು ಕೇಳಬಹುದು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಗೇರುಪೆಟ್ಟಿಗೆಯ ಹಿಂಬದಿಯಲ್ಲಿರುವ ಒಂದು ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ದಂಡವನ್ನು ಬಿಚ್ಚಿದೊಡನೆ ಕೈಬ್ರೇಕಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ದಂಡವನ್ನು ಬಿಚ್ಚದಿದ್ದರೂ, ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದರೆ ಸಾಕು. ಎತ್ತಿದ ಚಕ್ರವು ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿರುವ ಇನ್ನೊಂದು ಚಕ್ರವನ್ನು ಉರುಳಗೊಡುತ್ತದೆ. ಈಗಿನ ಚಿಕ್ಕ ಕಾರುಗಳಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಕೈಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಎಂಜಿನನ್ನು ಬಿಚ್ಚಿದಾಗ ಮುಂದಿನ ಚಕ್ರಗಳು ಪೂರ್ಣ ಸ್ವತಂತ್ರವಾಗುತ್ತವೆ. ಕಾಲಿನ ಬ್ರೇಕಿಗಾದರೂ ನಡೆಯುತ್ತಿರುವ ಎಂಜಿನಿನ ನೆರವು ಬೇಕು. ಅದಿಲ್ಲದಿದ್ದರೆ ಬ್ರೇಕು ಬಹಳ ಗಡುಸಾಗುತ್ತದೆ. ಹೀಗೆ ಗಾಡಿಯ ಒಂದೊಂದು ಭಾಗವನ್ನು ಬಿಚ್ಚುತ್ತ ಹೋದಂತೆ ಅದನ್ನು ತಡೆದು ನಿಲ್ಲಿಸಿದ ಒಂದೊಂದು ಕೈಯನ್ನೂ ನಾವೇ ಬಿಡಿಸುತ್ತ ಹೋಗುತ್ತೇವೆ. ಅದರ ಅರಿವಿಲ್ಲದವನು ಗಾಡಿಯ ಕೆಳಗೆ ಮಲಗಿ ಕೊನೆಯ ಬೋಲ್ಟನ್ನು ಸಡಿಲಿಸಿದಾಗ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಅಪಾಯವು ಎತ್ತುವ ಸಾಧನದ್ದು. ಪೇಟೆಯ ಗ್ಯಾರೇಜುಗಳಲ್ಲಿ ಗಾಲಿಗಳುಳ್ಳ ಚಿಕ್ಕ ಕ್ರೇನನ್ನು ಬಳಸುತ್ತಾರೆ. ಸಮನೆಲದಲ್ಲಿ ಅದು ಉತ್ತಮ ಸಾಧನ. ಇಳಿಜಾರಿನಲ್ಲಿ ಅದೂ ಒಂದು ಗಾಡಿಯೇ. ಮೇಲಾಗಿ ಗಾರೆಯವನ ತೂಗುಗುಂಡನ್ನು ನೆನೆಯಿರಿ. 10ಕ್ಕೆ 1 ಇಳಿಯುವ ನೆಲದ ಮೇಲೆ 2 ಮೀಟರು ಎತ್ತರದ ಕ್ರೇನು ನಿಂತರೆ, ಅದರ ತುದಿಯಿಂದ ಬಿಟ್ಟ ತೂಗುಗುಂಡು ಸಮನೆಲದಲ್ಲಿ ಮುಟ್ಟುತ್ತಿದ್ದ ಸ್ಥಳಕ್ಕಿಂತ ಸುಮಾರು 20 ಸೆಂಟಿಮೀಟರು ಇಳಿಜಾರಿನ ಕೆಳಬದಿಗೆ ಸರಿದು ಮುಟ್ಟುತ್ತದೆ. ತೂಗುವ ಎಂಜಿನಿನ ಭಾರವೂ ಅಲ್ಲಿಯೇ ಬೀಳುತ್ತದೆ. ಆ ಭಾರದ ರೇಖೆಯು ಸಾಧನದ ಕಾಲುಗಳ ನಡುವಣ ಆವರಣವನ್ನು ದಾಟಿ ಹೊರಗೆ ಬಿದ್ದರೆ ಎಲ್ಲವೂ ಮಗುಚಿ ಬೀಳುತ್ತದೆ.

ಈ ದೃಷ್ಟಿಯಿಂದ ಹಳ್ಳಿಯ ಮುಕ್ಕಾಲಿ ಕಂಬವೇ ಮೇಲು. ನಾಲ್ಕು ಕಾಲಿನ ಮೇಜು ಉಬ್ಬುತಗ್ಗಾದ ನೆಲದಲ್ಲಿ ಕುಂಟುತ್ತದೆ. ಮೂರು ಕಾಲಿನ ಪೀಠವು ಎಂದೂ ಕುಂಟುವುದಿಲ್ಲ. ಯಾವ ಮೂರು ಬಿಂದುಗಳಾದರೂ ಒಂದೇ ಸಮತಲದಲ್ಲಿರುತ್ತವೆಂಬ ರೇಖಾಗಣಿತದ ಮಾತು ಇದಕ್ಕೆ ಆಧಾರ. ಆದರೆ ಕಾಲುಗಳು ಜಾರದಂತೆ ನೆಲದಲ್ಲಿ ಗುಳಿ ತೋಡಿ ಊರಬೇಕು. ಒಂದರಿಂದೊಂದು ಅಗಲದಂತೆ ಮೂರನ್ನೂ ಬುಡದಲ್ಲಿ ಸರಪಳಿಯಿಂದ ಬಂಧಿಸಬೇಕು. ತೂಗುಗುಂಡು ಮೂರು ಕಾಲುಗಳ ತ್ರಿಕೋನದ ನಡುಭಾಗದಲ್ಲಿಯೇ ಬೀಳುವಂತೆ ನೋಡಿಕೊಳ್ಳಬೇಕು. ಮರದ ಕೊಂಬೆಗೆ ರಾಟೆಯನ್ನು ಕಟ್ಟುವುದು ಮಾತ್ರ ಸರ್ವಥಾ ಸಲ್ಲದು. ಕೊಂಬೆಯ ಒಳಗಿನ ಪೊಳ್ಳು ಹೊರಗಿನವರಿಗೆ ಕಾಣುವುದಿಲ್ಲ.

ಮುಕ್ಕಾಲಿಗೂ ಒಂದು ಕುಂದುಂಟು. ಅದು ಕದಲದು. ಎಂಜಿನನ್ನು ಎತ್ತಿದ ಮೇಲೆ ಅದರ ಕೆಳಗಿನಿಂದ ಗಾಡಿಯನ್ನೇ ಹಿಂದಕ್ಕೆ ಸರಿಸಬೇಕು. ಗಾಡಿಯ ಮುಖವು ಮೇಲಕ್ಕಿದ್ದರೆ ಅದು ತಾನಾಗಿಯೇ ಹಿಂದಕ್ಕೆ ಉರುಳುತ್ತದೆ. ಸುಲಭವಾಯಿತೆಂದು ಜನರು ಹಿಗ್ಗುವಷ್ಟರಲ್ಲಿ ಅದು ಅವರ ಕೈ ಮೀರಿ ರಸ್ತೆಗೆ ಇಳಿದಿರುತ್ತದೆ. ಮುಖವು ಕೆಳಕ್ಕಿದ್ದರೆ ನಾಲ್ಕು ಜನರು 100 ಕಿಲೋಗ್ರಾಂ ಬಲದ ವಿರುದ್ಧ ಅದನ್ನು ಮೇಲಕ್ಕೆ ನೂಕಬೇಕು. ಒಬ್ಬನ ಕಾಲು ಜಾರಿದರೆ ಗಾಡಿಯು ಮರಳಿ ಬಂದು ತೂಗುತ್ತಿರುವ ಎಂಜಿನಿಗೆ ಬಡಿಯುತ್ತದೆ. ಎರಡು ದಾರಿಗಳಲ್ಲಿ ಒಂದೂ ಒಳ್ಳೆಯದಲ್ಲ.

ಆದುದರಿಂದ ಬಲ್ಲವನು ಸಲಕರಣೆಯನ್ನು ಬಿಚ್ಚುವ ಮೊದಲು ಮಟ್ಟದ ಜಾಗವೆಲ್ಲಿದೆಯೆಂದು ಹುಡುಕುತ್ತಾನೆ. ಇಳಿಜಾರಿನ ಊರಿನಲ್ಲಿಯೂ ರೈತನ ಮನೆಯಲ್ಲಿ ಅಂಥದೊಂದು ಜಾಗವಿರುವುದುಂಟು. ಅದೇ ಕಣ. ಕಾಳನ್ನು ಒಕ್ಕಿ ತೂರಲು ನೆಲವು ಮಟ್ಟವಾಗಿಯೂ ಗಟ್ಟಿಯಾಗಿಯೂ ಇರಬೇಕೆಂದು ಹಿರಿಯರು ಅದನ್ನು ಬಡಿದು ಸಿದ್ಧಪಡಿಸಿದರು. ಮೋಟಾರಿಗೂ ಬೇಕಾದುದು ಅಂಥ ನೆಲವೇ. ಗಾಡಿಯು ಇಡಿಯಾಗಿದ್ದು ಅದರ ಬ್ರೇಕುಗಳೆಲ್ಲ ಸರಿಯಾಗಿರುವಾಗಲೇ ಅದನ್ನು ಅಲ್ಲಿಗೆ ಸಾಗಿಸಬೇಕು. ಎಂಜಿನು ನಡೆಯದಿದ್ದರೆ ಟ್ರ್ಯಾಕ್ಟರಿಗೆ ಹಗ್ಗದ ಬದಲು ಗಟ್ಟಿಯಾದ ಕಬ್ಬಿಣದ ದಂಡವನ್ನು ಜೋಡಿಸಿ ಎಳೆಯಿಸಬೇಕು. ಹಗ್ಗವು ಎಳೆಯಬಲ್ಲುದೇ ಹೊರತು, ಹಿಂದಿನಿಂದ ಉರುಳಿ ಬರುವ ಗಾಡಿಯನ್ನು ತಡೆಯಲಾರದು. ಎಂಜಿನನ್ನು ತೆಗೆದ ನಂತರ ಇಳಿಜಾರಿನಲ್ಲಿ ಗಾಡಿಯನ್ನು ಸರಿಸುವ ಯೋಚನೆಯನ್ನೇ ಮಾಡಬಾರದು.

ಮಟ್ಟದ ನೆಲ ದೊರೆತ ಮೇಲೂ ಚಕ್ರಗಳಿಗೆ ಹಿಂದು ಮುಂದು ಎರಡೂ ಕಡೆ ಅಡೆ ಕೊಡಬೇಕು. ದುಂಡು ಕಲ್ಲು ತಾನೇ ಉರುಳುವುದರಿಂದ ಅದು ಉಪಯೋಗವಿಲ್ಲ. ಚಕ್ರದ ಎತ್ತರದ ಕಾಲು ಭಾಗಕ್ಕೆ ಕಡಮೆಯಿಲ್ಲದಂತೆ ಬೆಣೆಯಾಕಾರವಾಗಿ ಕತ್ತರಿಸಿದ ಮರದ ತುಂಡುಗಳು ಯೋಗ್ಯವಾದವು. ಹಿಂದಿನ ಚಕ್ರಗಳ ಅಡೆಗಳ ಬಗ್ಗೆ ವಿಶೇಷ ಎಚ್ಚರವಿರಬೇಕು. ಎಂಜಿನು ಹೊರಬಂದೊಡನೆ ಗಾಡಿಯ ಮುಂಭಾಗವು ಹಗುರಾಗಿ ಮೇಲೇಳುತ್ತದೆ, ಮುಂದಿನ ಚಕ್ರಗಳ ಹಿಡಿತವು ಕಡಮೆಯಾಗುತ್ತದೆ.

ಇನ್ನು ಕೆಲಸದ ಕ್ರಮ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಕಿಡಿಯ ಭಯ ಅಲ್ಲಿಗೆ ಬಹುಮಟ್ಟಿಗೆ ತಪ್ಪಿತು. ಎಂಜಿನು ತಣ್ಣಗಾದ ಮೇಲೆ ರೇಡಿಯೇಟರಿನ ನೀರನ್ನೂ ಎಣ್ಣೆಯನ್ನೂ ಪಾತ್ರೆಗಳಲ್ಲಿ ಇಳಿಸಿಕೊಳ್ಳಬೇಕು. ಬಾನೆಟ್ಟನ್ನೂ ರೇಡಿಯೇಟರನ್ನೂ ತೆಗೆದಿಡಬೇಕು. ಪ್ರತಿಯೊಂದು ತಂತಿಗೂ ಕೊಳವೆಗೂ ಬಟ್ಟೆಯ ಚೂರು ಕಟ್ಟಿ ಅಂಕೆಯನ್ನು ಬರೆಯಬೇಕು. ತೆಗೆಯುವಾಗಿನ ಐದು ನಿಮಿಷದ ಸೋಮಾರಿತನವು ಕೂಡಿಸುವಾಗ ಐದು ಗಂಟೆಯ ತಲೆನೋವಾಗುತ್ತದೆ. ಹೊಗೆಕೊಳವೆಯನ್ನು ಬಿಡಿಸಿ, ಗೇರುಪೆಟ್ಟಿಗೆಗೆ ಕೆಳಗಿನಿಂದ ಆಸರೆ ಕೊಟ್ಟು, ಎಂಜಿನಿಗೂ ಅದಕ್ಕೂ ಇರುವ ಬೋಲ್ಟುಗಳನ್ನು ಬಿಚ್ಚಬೇಕು. ಸರಪಳಿಯು ಎಂಜಿನಿನ ಭಾರವನ್ನು ಹೊತ್ತುಕೊಂಡ ಮೇಲೆಯೇ ಅದನ್ನು ಚೌಕಟ್ಟಿಗೆ ಕೂಡಿಸಿದ ಕೊನೆಯ ಬೋಲ್ಟುಗಳಿಗೆ ಕೈ ಹಚ್ಚಬೇಕು.

ಇಲ್ಲಿಯೂ ಇಳಿಜಾರಿನ ಒಂದು ಕಾಟವುಂಟು. ತೂಗುವ ವಸ್ತುವು ತನ್ನ ಗುರುತ್ವಕೇಂದ್ರವನ್ನು ಕೊಂಡಿಯ ನೇರ ಕೆಳಗೆ ತಂದುಕೊಂಡು ನಿಲ್ಲುತ್ತದೆ. ಗಾಡಿಯಾದರೋ ನೆಲದೊಡನೆ ಓರೆಯಾಗಿರುತ್ತದೆ. ಹೀಗಾಗಿ ಎಂಜಿನೂ ಗೇರುಪೆಟ್ಟಿಗೆಯೂ ಒಂದೇ ರೇಖೆಯಲ್ಲಿ ಇರುವುದಿಲ್ಲ. ಅವುಗಳ ನಡುವಣ ದಂಡವು ನೇರವಾಗಿ ಹೊರಬರದೆ ಸಿಕ್ಕಿಕೊಳ್ಳುತ್ತದೆ. ಬಲವಂತದಿಂದ ಎಳೆದರೆ ದಂಡಕ್ಕೂ ಕ್ಲಚ್ಚಿಗೂ ಕೇಡು. ಸರಪಳಿಯ ಮುಂದಿನ ಹಿಂದಿನ ತುದಿಗಳನ್ನು ಹೆಚ್ಚು ಕಡಮೆ ಮಾಡಿ ಎಂಜಿನನ್ನು ಗಾಡಿಯಷ್ಟೇ ಓರೆಗೆ ತರುವುದೊಂದೇ ಇದಕ್ಕೆ ಉಪಾಯ. ನೆಲದಿಂದ ಎತ್ತಿದ ಎಂಜಿನಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಎಂದಿಗೂ ಒಡ್ಡಬಾರದು.

ಪೆಟ್ರೋಲಿನ ವಿಷಯದಲ್ಲಿ ಒಂದು ಮಾತು. ಅದರ ಆವಿಯು ಗಾಳಿಗಿಂತ ಭಾರವಾದುದು. ಅದು ಹೊಗೆಯಂತೆ ಮೇಲೇರದೆ, ನೀರಿನಂತೆ ಇಳಿಜಾರನ್ನು ಹಿಡಿದು ಕಣ್ಣಿಗೆ ಕಾಣದೆ ಕೆಳಕ್ಕೆ ಹರಿಯುತ್ತದೆ. ಮೇಲೆ ಗಾಡಿಯ ಕೊಳವೆಯನ್ನು ಬಿಚ್ಚಿದಾಗ ಕೆಳಗಿನ ಮನೆಯಲ್ಲಿ ಒಲೆಯು ಉರಿಯುತ್ತಿರಬಹುದು. ರಸ್ತೆಯಲ್ಲಿ ಯಾರೋ ಬೀಡಿ ಹಚ್ಚಿರಬಹುದು. ಇಳಿಸಿದ ಎಣ್ಣೆಯೂ ಅಷ್ಟೆ. ಜೀಪಿನಿಂದ ಬರುವ ನಾಲ್ಕೈದು ಲೀಟರು ಕಪ್ಪು ಎಣ್ಣೆಯನ್ನು ಅಂಗಳದಲ್ಲಿ ಚೆಲ್ಲಿದರೆ ಅದು ಹಳ್ಳದಿಂದ ಕಾದವಾ ನದಿಗೆ ಸೇರುತ್ತದೆ. ಕಾದವಾ ನದಿಯು ನಾಂದೂರ ಮಧಮೇಶ್ವರದಲ್ಲಿ ಗೋದಾವರಿಯನ್ನು ಕೂಡುತ್ತದೆ. ಅಲ್ಲಿನ ಪಕ್ಷಿಧಾಮವು 2020ರಲ್ಲಿ ಮಹಾರಾಷ್ಟ್ರದ ಮೊದಲನೆಯ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ಒಂದು ಅಂಗಳದ ಅಜಾಗರೂಕತೆಯು ಎಷ್ಟು ದೂರ ಹರಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಎಣ್ಣೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆಯ ಎಣ್ಣೆಯನ್ನು ಕೊಳ್ಳುವವರಿಗೆ ಒಪ್ಪಿಸತಕ್ಕದ್ದು.

ವಿದ್ಯಾರ್ಥಿಗಳೇ, ಈ ಕೆಲಸವನ್ನು ನೀವೇ ಮಾಡಿರೆಂದು ನಾನು ಹೇಳುತ್ತಿಲ್ಲ. ಅದು ಬಲ್ಲ ದೊಡ್ಡವರ ಕೆಲಸ. ಆದರೆ ನಿಮ್ಮಲ್ಲಿ ಹಲವರ ತಂದೆಯವರೋ ಅಣ್ಣಂದಿರೋ ಸೋದರಮಾವಂದಿರೋ ಗಾಡಿ ನಡೆಸುವವರು, ಗ್ಯಾರೇಜಿನಲ್ಲಿ ದುಡಿಯುವವರು ಇದ್ದಾರು. ಅವರು ಕೆಲಸದಲ್ಲಿ ಮಗ್ನರಾಗಿರುವಾಗ ಅವರ ಕಣ್ಣು ಬೋಲ್ಟಿನ ಮೇಲಿರುತ್ತದೆ, ಚಕ್ರದ ಮೇಲಿರುವುದಿಲ್ಲ. ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಲ್ಲದೆ ಪಕ್ಕದಲ್ಲಿ ನಿಂತವನಿಗೆ ಮಾತ್ರ ಅಡೆಯು ಒಂದು ಬೆರಳಿನಷ್ಟು ಸರಿದುದು ಕಾಣುತ್ತದೆ. ತೂಗುಗುಂಡು ಗುರುತನ್ನು ಬಿಟ್ಟುದು ಕಾಣುತ್ತದೆ. ಎಳೆಯ ತಮ್ಮನು ಅಂಗಳದ ತಗ್ಗಿಗೆ ಓಡಿಹೋದುದು ಕಾಣುತ್ತದೆ. ಆಗ "ನಿಲ್ಲಿಸಿರಿ" ಎಂದು ಗಟ್ಟಿಯಾಗಿ ಹೇಳಲು ವಯಸ್ಸಿನ ಹಿರಿತನ ಬೇಕಾಗಿಲ್ಲ, ತಿಳಿವಳಿಕೆಯೊಂದಿದ್ದರೆ ಸಾಕು. ಹಿರಿಯರೂ ಆ ಮಾತನ್ನು ಕೇಳಿದೊಡನೆ ಕೈ ನಿಲ್ಲಿಸಬೇಕು, ಕಾರಣವನ್ನು ಆಮೇಲೆ ಕೇಳಬೇಕು. ನಾಲ್ಕು ಜನರು ಸೇರಿ ಭಾರವನ್ನು ಎತ್ತುವಲ್ಲಿ ಐದನೆಯವನೊಬ್ಬನು ಕೈ ಹಚ್ಚದೆ ನೋಡುತ್ತ ನಿಂತಿರಲಿ. ಅವನ ಕೆಲಸವೂ ಕೆಲಸವೇ.