ಹಂಪಿ ಪ್ರವಾಸ: ಹಜಾರ ರಾಮನ ಗುಡಿಗೆ ಎರಡು ಗಂಟೆ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗದ್ದಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಶಾಲೆಗಳ ಮುಂದೆ ರಾತ್ರಿ ಹೊತ್ತು ಬಸ್ಸು ಬಂದು ನಿಲ್ಲುತ್ತದೆ. ಪುಳಿಯೋಗರೆ ಡಬ್ಬಿ, ಸ್ವೆಟರು, ಅಮ್ಮಂದಿರ ಕೊನೆಯಿಲ್ಲದ ಬುದ್ಧಿಮಾತು. ಬಸ್ಸು ಹೋಗುವುದು ಎಷ್ಟೋ ಸಲ ಹಂಪಿಗೆ.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಹಂಪಿ ದೂರದ ಊರಾದರೂ ಹೆಸರಿನಿಂದ ನೆಂಟ. ಇಲ್ಲೊಂದು ವಿಜಯನಗರ, ಅದರ ಮಗ್ಗುಲಲ್ಲೇ ಹಂಪಿನಗರ. ಮೈಸೂರಿನಿಂದ ಕೆಂಗೇರಿಯನ್ನು ಹಾದು ಹೊಸಪೇಟೆಯತ್ತ ಹೋಗುವ ರೈಲು ಹಂಪಿ ಎಕ್ಸ್‌ಪ್ರೆಸ್. ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರೆಂದು ನಂಬಿಕೆ; ಹಂಪಿಯ ಯಂತ್ರೋದ್ಧಾರಕ ಹನುಮನೂ ಅವರದೇ ಪ್ರತಿಷ್ಠೆ ಎನ್ನುತ್ತಾರೆ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರಂತೂ ವಿಜಯನಗರದ ಅರಸರ ಸಾಮಂತರೇ.

ಇಷ್ಟಾಗಿಯೂ, ಸುಮಾರು 340 ಕಿಲೋಮೀಟರ್ ದೂರ ಹೋಗಿ ಬಂದ ಮಕ್ಕಳನ್ನು ಏನು ನೋಡಿದಿರೆಂದು ಕೇಳಿದರೆ ಕಲ್ಲಿನ ರಥ ಎನ್ನುತ್ತಾರೆ. ಉಳಿದದ್ದೆಲ್ಲ ‘ಬರೀ ಕಲ್ಲು’. ತಪ್ಪು ಮಕ್ಕಳದಲ್ಲ. ವಿರೂಪಾಕ್ಷ, ಸಾಸಿವೆಕಾಳು ಗಣಪ, ನರಸಿಂಹ, ಕಮಲ ಮಹಲ್, ಆನೆಲಾಯ, ವಿಠ್ಠಲ ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಅವಸರದಲ್ಲಿ ಯಾವ ಗೋಡೆಯ ಮುಂದೂ ಹತ್ತು ನಿಮಿಷ ನಿಲ್ಲಲಾಗುವುದಿಲ್ಲ. ಆದರೆ ಹಂಪಿಯಲ್ಲಿ ಓದಬೇಕಾದದ್ದೆಲ್ಲ ಇರುವುದು ಗೋಡೆಗಳ ಮೇಲೆಯೇ.

1336ರಲ್ಲಿ ಸ್ಥಾಪನೆಯಾಯಿತೆನ್ನುವ ಈ ರಾಜ್ಯದ ರಾಜಧಾನಿ 1565ರ ಜನವರಿಯ ಯುದ್ಧದ ನಂತರ ಲೂಟಿಯಾಯಿತು, ಬರಿದಾಯಿತು. ಅರಮನೆಗಳ ಮೇಲ್ಕಟ್ಟಡದಲ್ಲಿ ಮರದ ಕೆಲಸವೇ ಹೆಚ್ಚು. ಅದು ಸುಟ್ಟು ಬೂದಿಯಾಯಿತು. ಇಂದು ಕಾಣುವುದು ಕಲ್ಲಿನ ಜಗಲಿ ಮಾತ್ರ. ದೇವಾಲಯಗಳು ಕಲ್ಲಿನವು, ಪೆಟ್ಟು ತಿಂದರೂ ನಿಂತವು. ಹೀಗಾಗಿ ಅರಸರು, ಸೈನಿಕರು, ನರ್ತಕಿಯರು ಹೇಗಿದ್ದರೆಂದು ತಿಳಿಯಲು ಅರಮನೆಯನ್ನಲ್ಲ, ಗುಡಿಯನ್ನೇ ನೋಡಬೇಕು. ಅದಕ್ಕೆ ಹೇಳಿ ಮಾಡಿಸಿದಂತಿರುವುದು ಹಜಾರ ರಾಮನ ಗುಡಿ.

ಅರಮನೆಗಳ ನಡುವೆಯೇ ಇರುವ ಈ ಗುಡಿ ಒಂದನೆಯ ದೇವರಾಯನ ಕಾಲದ್ದು, ಎಂದರೆ ಹದಿನೈದನೆಯ ಶತಮಾನದ ಆರಂಭದ್ದು. ಸಾವಿರ ರಾಮರಿರುವುದರಿಂದ ಈ ಹೆಸರು ಎಂದು ಮಾರ್ಗದರ್ಶಿಗಳು ಹೇಳುವುದುಂಟು. ಆದರೆ ಹಜಾರವೆಂದರೇನೆಂದು ಹಳೆಯ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಅರಮನೆಯ ಹಜಾರದ ರಾಮ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ.

ಮೊದಲು ಪ್ರಾಕಾರದ ಹೊರಗೋಡೆ. ಸಾಲಿನ ಮೇಲೆ ಸಾಲು ಆನೆ, ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಇದು ಬರೀ ಅಲಂಕಾರವಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಇಲ್ಲಿನ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದ. ಶೃಂಗರಿಸಿದ ಆನೆ ಕುದುರೆ, ಒಡವೆಗಳ ಭಾರ ಹೊತ್ತ ನರ್ತಕಿಯರು ಅವನ ಬರಹದಲ್ಲೂ ಇದ್ದಾರೆ. ಅವನು ಬರುವುದಕ್ಕೆ ನೂರು ವರ್ಷ ಮೊದಲೇ ಶಿಲ್ಪಿ ಅಂಥದೇ ಮೆರವಣಿಗೆಯನ್ನು ಕೆತ್ತಿಟ್ಟಿದ್ದ. ಕುದುರೆಗಳನ್ನಂತೂ ನಿಂತು ನೋಡಬೇಕು. ಒಳ್ಳೆಯ ಕುದುರೆ ನಮ್ಮಲ್ಲಿ ಹುಟ್ಟುತ್ತಿರಲಿಲ್ಲ; ಅರಬ್ಬೀ ದೇಶ, ಪರ್ಷಿಯಾಗಳಿಂದ ಹಡಗಿನಲ್ಲಿ ಭಟ್ಕಳ, ಗೋವೆಗಳಿಗೆ ಬಂದು ಘಟ್ಟ ಹತ್ತಬೇಕಿತ್ತು. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ‘ಕುದುರೆ ವ್ಯಾಪಾರ’ ಇಲ್ಲಿ ಗೋಡೆಯುದ್ದಕ್ಕೂ ನಡೆದಿದೆ.

ಒಳಗೆ ಹೋದರೆ ಗುಡಿಯ ಗೋಡೆಯ ಮೇಲೆ ಮೂರು ಸಾಲಿನಲ್ಲಿ ರಾಮಾಯಣ, ನೂರಕ್ಕೂ ಹೆಚ್ಚು ಚಿತ್ರಗಳು. ಒಂದೆಡೆ ನಿಂತು ಓದುವ ಕಥೆಯಲ್ಲ ಇದು. ಪ್ರದಕ್ಷಿಣೆ ಬರುತ್ತ ಮೂರು ಸುತ್ತು ಹಾಕಿದರೆ ಪೂರ್ತಿಯಾಗುತ್ತದೆ. ಅಕ್ಷರ ಬಾರದವರೂ ನಡೆಯುತ್ತಲೇ ಓದಿ ಮುಗಿಸಬಹುದಾದ ಪುಸ್ತಕ. ಏಳು ತಾಳೆಮರಗಳನ್ನು ಒಂದೇ ಬಾಣದಿಂದ ಭೇದಿಸುವ ರಾಮನನ್ನು ಮಕ್ಕಳು ತಾವೇ ಹುಡುಕಿಕೊಳ್ಳಲಿ. ರಾವಣ ಆಸನ ಕೊಡದಿದ್ದಾಗ ಬಾಲವನ್ನೇ ಸುರುಳಿ ಸುತ್ತಿ ಅದರ ಮೇಲೆ ಕುಳಿತ ಹನುಮಂತನನ್ನು ಯಾರೂ ತೋರಿಸಬೇಕಾಗಿಲ್ಲ.

ಈ ಕಥೆ ಇಲ್ಲೇಕೆ? ರಾಮ ಸುಗ್ರೀವರು ಭೇಟಿಯಾದ ಕಿಷ್ಕಿಂಧೆ ಇದೇ ತುಂಗಭದ್ರೆಯ ದಂಡೆ ಎಂದು ಇಲ್ಲಿನ ಜನರ ನಂಬಿಕೆ. ವಾಲಿಗೆ ಹೆದರಿದ ಸುಗ್ರೀವನಿಗೆ ಆಸರೆಯಾದ ಮತಂಗ ಪರ್ವತ ಈ ಗುಡಿಗೆ ನೇರ ಉತ್ತರಕ್ಕಿದೆ. 1980ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಇದನ್ನು ಅಳೆದು ನೋಡಿ, ಆಕಸ್ಮಿಕವಲ್ಲವೆಂದರು. ಅರಸನು ತನ್ನ ಊರನ್ನೇ ರಾಮನ ಕಥೆಯೊಳಗೆ ಇಟ್ಟುಕೊಂಡಂತೆ.

ಬೇಲೂರು ನೋಡಿ ಬಂದವರಿಗೆ ಇಲ್ಲಿನ ಕೆತ್ತನೆ ಒರಟೆನಿಸಬಹುದು. ಅಲ್ಲಿಯದು ಬಳಪದ ಕಲ್ಲು, ಮೃದು. ಇಲ್ಲಿ ಹೆಚ್ಚಾಗಿರುವುದು ಗ್ರಾನೈಟ್. ಉಳಿ ಸುಲಭಕ್ಕೆ ಮಾತು ಕೇಳದು. ಹಂಪಿಯ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಚೌಕಾಕಾರದ ಕುಳಿಗಳಿವೆ. ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ಗುಡಿಯೊಳಗಿನ ನುಣುಪಾದ ಕರಿಕಲ್ಲಿನ ನಾಲ್ಕು ಕಂಬಗಳನ್ನು ನೋಡಿದ ಮೇಲೆ ಒರಟೆಂಬ ಮಾತು ತಾನೇ ಅಡಗುತ್ತದೆ.

ಇನ್ನು ಐವತ್ತು ರೂಪಾಯಿ ನೋಟಿನ ಮೇಲಿರುವ ಆ ರಥ. ಫೋಟೊ ತೆಗೆಸಿಕೊಳ್ಳುವ ಮುನ್ನ ಮುಂದಿರುವ ಆನೆಗಳ ಹಿಂದೆ ಬಗ್ಗಿ ನೋಡಬೇಕು. ಅಲ್ಲಿ ಕುದುರೆಗಳ ಹಿಂಗಾಲು, ಬಾಲ ಕಾಣುತ್ತವೆ. ಮೊದಲು ಇದ್ದವು ಕುದುರೆಗಳು; ಆನೆಗಳು ಆಮೇಲೆ ಬಂದವು. ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. ಪಕ್ಕದ ಮಂಟಪದ ಸಂಗೀತ ಕಂಬಗಳನ್ನು ಬಡಿದು ಕೇಳುವ ಹಿಂದಿನ ರೂಢಿಯಿಂದ ಅವು ಸವೆದಿವೆ, ಆದ್ದರಿಂದಲೇ ಮುಟ್ಟುವುದಕ್ಕೆ ನಿಷೇಧ.

ಮುಟ್ಟಿದರೇನು ಎನ್ನುವ ಹುಡುಗರಿಗೆ 2019ರ ಸಂಗತಿ ಹೇಳಬಹುದು. ಆನೆಲಾಯದ ಹಿಂದಿನ ವಿಷ್ಣು ಗುಡಿಯ ಬಳಿ ಕೆಲವು ಯುವಕರು ಕಂಬವೊಂದನ್ನು ದೂಡಿ ಬೀಳಿಸುವ ವಿಡಿಯೊ ಆ ಫೆಬ್ರವರಿಯಲ್ಲಿ ಎಲ್ಲೆಡೆ ಹರಿದಾಡಿತು. ಸಿಕ್ಕಿಬಿದ್ದ ನಾಲ್ವರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು. ಅವರ ಕೈಯಿಂದಲೇ ಕಂಬವನ್ನು ಮತ್ತೆ ನಿಲ್ಲಿಸಲಾಯಿತು. ಬೀಳಿಸಲು ಬೇಕಾದದ್ದು ಕೆಲವೇ ಕ್ಷಣ.

ಪ್ರವಾಸದ ಪಟ್ಟಿಯಿಂದ ಎರಡು ಮೂರು ಸ್ಥಳ ಬಿಟ್ಟರೂ ಅಡ್ಡಿಯಿಲ್ಲ, ಹಜಾರ ರಾಮನ ಗುಡಿಗೆ ಎರಡು ಗಂಟೆ ಇಡುವಂತೆ ಪೋಷಕರು ಶಾಲೆಯವರನ್ನು ಕೇಳಬಹುದು. ಹೊರಡುವ ಮುನ್ನ ಮನೆಯಲ್ಲಿ ಅಜ್ಜಿಯೋ ತಾತನೋ ರಾಮಾಯಣದ ಕಥೆಯನ್ನೊಮ್ಮೆ ಹೇಳಿ ಕಳುಹಿಸಿದರೆ ಮಾರ್ಗದರ್ಶಿಯೂ ಬೇಕಾಗದು. ಹಂಪಿ ಸುತ್ತುವ ಮೊದಲು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಒಳ್ಳೆಯದು. ಬೆಟ್ಟ, ಹೊಳೆ, ಗುಡಿಗಳ ಸಮೇತ ಇಡೀ ರಾಜಧಾನಿಯ ಮಾದರಿ ಅಲ್ಲಿದೆ. ಶುಕ್ರವಾರ ಮಾತ್ರ ಅದಕ್ಕೆ ರಜೆ.