ಇಂಗ್ಲೆಂಡಿನ ಬೆನ್ನೆಲುಬಿನ ಮೇಲೊಂದು ದಾರಿ

1935ರಲ್ಲಿ ಲಂಡನ್ನಿನ ‘ಡೈಲಿ ಹೆರಾಲ್ಡ್’ ಪತ್ರಿಕೆಗೆ ಅಮೆರಿಕದ ಇಬ್ಬರು ಹುಡುಗಿಯರ ಕಾಗದ ಬಂತು. ಇಂಗ್ಲೆಂಡಿನಲ್ಲಿ ದಿನಗಟ್ಟಲೆ ನಡೆಯಲು ಎಲ್ಲಿಗೆ ಬರಬೇಕು ಎಂಬುದು ಅವರ ಪ್ರಶ್ನೆ. ಅವರ ನಾಡಿನಲ್ಲಿ ಅಪಲೇಚಿಯನ್ ಎಂಬ ಉದ್ದನೆಯ ನಡಿಗೆದಾರಿ ಇತ್ತು. ಪತ್ರಿಕೆಯಲ್ಲಿ ಕಾಲ್ನಡಿಗೆಯ ಸಂಗತಿಗಳನ್ನು ಬರೆಯುತ್ತಿದ್ದ ಟಾಮ್ ಸ್ಟೀಫನ್‌ಸನ್ ಬಳಿ ಇದಕ್ಕೆ ಉತ್ತರ ಇರಲಿಲ್ಲ. ತೋರಿಸಲು ಅಂಥದೊಂದು ದಾರಿ ಅವರ ದೇಶದಲ್ಲಿ ಇರಲೇ ಇಲ್ಲ.

ಬೆಟ್ಟಗಳೇನೋ ಇದ್ದವು. ಉತ್ತರ ಇಂಗ್ಲೆಂಡಿನ ಉದ್ದಕ್ಕೂ ಪೆನೈನ್ ಸಾಲು ಬೆನ್ನೆಲುಬಿನಂತೆ ಚಾಚಿಕೊಂಡಿತ್ತು. ಆದರೆ ಅದರ ಎಷ್ಟೋ ಭಾಗಕ್ಕೆ ಕಾಲಿಡುವಂತಿರಲಿಲ್ಲ. ಒಂದೆಡೆ ಗ್ರೌಸ್ ಹಕ್ಕಿಯ ಬೇಟೆಗೆ ಶ್ರೀಮಂತರು ಕಾದಿಟ್ಟುಕೊಂಡ ಗುಡ್ಡಗಳು, ಇನ್ನೊಂದೆಡೆ ನಗರಗಳಿಗೆ ಕುಡಿಯುವ ನೀರು ಕೊಡುವ ಜಲಾಶಯಗಳ ಕಾವಲು. 1932ರ ಏಪ್ರಿಲ್ 24ರಂದು ನೂರಾರು ಯುವಜನರು ನಿಷೇಧ ಮುರಿದು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದ್ದರು. ಐವರು ಜೈಲು ಸೇರಿದರು.

ಸ್ಟೀಫನ್‌ಸನ್ ಕೂಡ ಹಿಂದೊಮ್ಮೆ ಜೈಲು ಕಂಡಿದ್ದವರು. ಹದಿಮೂರನೇ ವಯಸ್ಸಿಗೇ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಗೆ ದುಡಿಯಲು ಹೋದವರು ಅವರು. ಅಲ್ಲಿಂದ ಬಿಡುವು ಸಿಕ್ಕಾಗ ಹತ್ತಿದ ಪೆಂಡಲ್ ಬೆಟ್ಟ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಕಷ್ಟಪಟ್ಟು ಭೂವಿಜ್ಞಾನದ ವಿದ್ಯಾರ್ಥಿವೇತನ ಗಳಿಸಿದರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ ಸೆರೆಮನೆ ಕಂಡರು, ಆ ಓದನ್ನೂ ಕಳೆದುಕೊಂಡರು. ಇಂಥವರು ‘ಇಲ್ಲ’ ಎಂಬ ಮಾತಿಗೆ ಸುಲಭವಾಗಿ ತಲೆಬಾಗುವವರಲ್ಲ. 1935ರ ಜೂನ್ 22ರಂದು ಅವರ ಲೇಖನ ಅಚ್ಚಾಯಿತು. ಡರ್ಬಿಶೈರ್‌ನಿಂದ ಸ್ಕಾಟ್ಲೆಂಡಿನ ಗಡಿಯವರೆಗೆ ಒಂದೇ ಉದ್ದನೆಯ ಹಸಿರು ದಾರಿ ಬೇಕು ಎಂದು ಅವರು ಕೇಳಿದ್ದರು.

ಲೇಖನವೇನೋ ಬಂತು. ದಾರಿಗೆ ಮೂವತ್ತು ವರ್ಷ ಹಿಡಿಯಿತು. 1938ರಲ್ಲಿ ಹೋಪ್ ಎಂಬ ಹಳ್ಳಿಯಲ್ಲಿ ನಡಿಗೆಯ ಸಂಘಗಳವರು ಸೇರಿ ಈ ದಾರಿಗಾಗಿ ಪೆನೈನ್ ವೇ ಸಂಘ ಕಟ್ಟಿದರು. ಸದಸ್ಯರು ನಕ್ಷೆ ಹಿಡಿದು ಬೆಟ್ಟ ಹತ್ತಿದರು. ಹಳೆಯ ಕಾಲುದಾರಿಗಳು ಬಹುಪಾಲು ಸಿಕ್ಕವು, ನಡುನಡುವೆ ಕೊಂಡಿ ಕಳಚಿದ್ದ ಸುಮಾರು 70 ಮೈಲಿ ಮಾತ್ರ ಸಿಗಲಿಲ್ಲ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಸ್ಟೀಫನ್‌ಸನ್ ಒಂದು ಜಾಣ ಹೂಟ ಹೂಡಿದರು. ಬಾರ್ಬರಾ ಕ್ಯಾಸಲ್, ಹ್ಯೂ ಡಾಲ್ಟನ್ ಮೊದಲಾದ ಸಂಸದರಿಗೆ ಬೂಟು ಹಾಕಿಸಿ ಬೆಟ್ಟದ ಮೇಲೆ ನಡೆಸಿದರು! ಮರುವರ್ಷವೇ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, 1951ರಲ್ಲಿ ದಾರಿಗೆ ಒಪ್ಪಿಗೆ ಸಿಕ್ಕಿತು. ಆ ಮೇಲೂ ಜಮೀನುದಾರರು, ಜಲಮಂಡಳಿಗಳು, ಸ್ಥಳೀಯ ಆಡಳಿತಗಳ ಜೊತೆ ತುಂಡುತುಂಡಾಗಿ ಮಾತುಕತೆ ನಡೆಯುತ್ತಲೇ ಇತ್ತು. ಕೊನೆಗೆ 1965ರ ಏಪ್ರಿಲ್ 24ರಂದು, ಕಿಂಡರ್‌ಗೆ ನುಗ್ಗಿದ ಅದೇ ತಾರೀಖಿನಂದು, ಮಾಲಮ್ ಬಯಲಿನಲ್ಲಿ ಡರ್ಬಿಶೈರ್‌ನ ಈಡೇಲ್‌ನಿಂದ ಸ್ಕಾಟ್ಲೆಂಡಿನ ಗಡಿಯಂಚಿನ ಕರ್ಕ್ ಯೆಟ್‌ಹೋಮ್‌ವರೆಗಿನ ಪೆನೈನ್ ವೇ ಉದ್ಘಾಟನೆಯಾಯಿತು. ಇಂದಿನ ಲೆಕ್ಕದಲ್ಲಿ ಅದು 268 ಮೈಲಿ.

ಜನ ಹಿಂಡು ಹಿಂಡಾಗಿ ಬಂದರು. ಆಗ ಯಾರೂ ಎಣಿಸದ ಎದುರಾಳಿ ನೆಲದಿಂದಲೇ ಎದ್ದಿತು. ಅರೆಬರೆ ಕೊಳೆತ ಪಾಚಿಯಿಂದ ಸಾವಿರಾರು ವರ್ಷಗಳಲ್ಲಿ ಕಟ್ಟಿಕೊಂಡ ಪೀಟ್ ಎಂಬ ಕಪ್ಪು ನೆಲ ಬೂಟುಗಳ ಕೆಳಗೆ ಹರಿದುಹೋಯಿತು. ಈ ದಾರಿಗೆ ಕೈಪಿಡಿ ಬರೆದ ವೇನ್‌ರೈಟ್ ಅವರೇ ಬ್ಲ್ಯಾಕ್ ಹಿಲ್‌ನಲ್ಲಿ ಹೂತುಹೋಗಿ, ಬೇರೆಯವರು ಎಳೆದ ಮೇಲೆ ಹೊರಬಂದರು. ಕೆಸರು ತಪ್ಪಿಸಲು ಒಬ್ಬ ಬದಿಗೆ ಸರಿದರೆ ಅವನ ಹಿಂದಿನವನು ಇನ್ನೂ ಬದಿಗೆ ಸರಿದ. ದಾರಿ ಗಾಯದಂತೆ ಅಗಲವಾಗುತ್ತಾ ಹೋಯಿತು. ಮರದ ಪಟ್ಟಿ ಹಾಸಿದರು, ಕೊಳೆಯಿತು. ಜಾಲರಿ ಹಾಸಿದರು, ಮುಳುಗಿತು.

ಉತ್ತರ ಸಿಕ್ಕಿದ್ದು ಬೆಟ್ಟದ ಬುಡದಲ್ಲಿ. ಲ್ಯಾಂಕಶೈರ್‌ನ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿ ಕಟ್ಟಡಗಳು ಉರುಳುತ್ತಿದ್ದವು. ಅವುಗಳ ನೆಲಕ್ಕೆ ಹಾಸಿದ್ದ ದಪ್ಪ ಮರಳುಗಲ್ಲಿನ ಚಪ್ಪಡಿಗಳನ್ನು ಹೆಲಿಕಾಪ್ಟರ್‌ನಲ್ಲಿ ತೂಗಿಹಾಕಿಕೊಂಡು ಮೇಲಕ್ಕೆ ಸಾಗಿಸಿ ಸಾಲಾಗಿ ಜೋಡಿಸಿದರು. ಬೆಟ್ಟದ ಕಾಡುತನ ಕೆಟ್ಟಿತೆಂದು ಕೆಲವು ಚಾರಣಿಗರು ಗೊಣಗಿದರು. ಅವರ ಬೇಸರದಲ್ಲಿ ಹುರುಳಿತ್ತು, ಆದರೆ ಬೆಟ್ಟ ಉಳಿಯುವುದು ಅದಕ್ಕಿಂತ ದೊಡ್ಡದಾಗಿತ್ತು.

ಗುಟ್ಟು ಇಷ್ಟೇ: ಪೀಟ್‌ನಲ್ಲಿ ಹೆಚ್ಚಿನ ಪಾಲು ನೀರು, ಅಂಗಾಲಿನಷ್ಟು ಜಾಗದ ಮೇಲೆ ಬಿದ್ದ ಭಾರಕ್ಕೆ ಅದು ಕುಸಿಯುತ್ತದೆ. ಅಗಲವಾದ ಚಪ್ಪಡಿ ಅದೇ ಭಾರವನ್ನು ಹರಡಿ, ಬುನಾದಿಯಿಲ್ಲದೆಯೂ ಆ ಮೆತ್ತನೆಯ ನೆಲದ ಮೇಲೆ ತೇಲಿದಂತೆ ನಿಲ್ಲುತ್ತದೆ. ಕಾಲಿಡಲು ಗಟ್ಟಿ ಜಾಗ ಸಿಕ್ಕ ಮೇಲೆ ಜನ ಬದಿಗೆ ಸರಿಯುವುದನ್ನು ಬಿಟ್ಟರು, ತುಳಿತ ತಪ್ಪಿದ ಅಂಚುಗಳಲ್ಲಿ ಹುಲ್ಲು ಮತ್ತೆ ಬೇರು ಬಿಟ್ಟಿತು.