ಹೆಸರಘಟ್ಟದ ಗಾರೆಯೂ ಸುಣ್ಣದ ಕಲ್ಲೂ

ಕನ್ನಡದ ‘ಸುಣ್ಣ’ವು ಸಂಸ್ಕೃತದ ‘ಚೂರ್ಣ’ ಶಬ್ದದ ತದ್ಭವವೆಂಬುದು ವಿದ್ಯಾರ್ಥಿಗಳೂ ಬಲ್ಲ ಸಂಗತಿ. ಆದರೆ ‘ಸುಣ್ಣದ ಕಲ್ಲು’ ಎಂಬ ಮಾತಿನಲ್ಲಿ, ಭೂವಿಜ್ಞಾನವು ಬೇರೆಬೇರೆಯೆಂದು ಗಣಿಸುವ ಎರಡು ವಸ್ತುಗಳು ಅಡಗಿವೆ. ಹಳೆಯ ಕಟ್ಟಡಗಳನ್ನು ಕುರಿತು ಬರೆಯುವವರು ಈ ಭೇದವನ್ನು ಲಕ್ಷಿಸದಿದ್ದರೆ, ಇಲ್ಲದ ಗಣಿಯನ್ನು ಹುಡುಕುವ ಪ್ರಸಂಗ ಒದಗುವುದು.

ಹೆಸರಘಟ್ಟವು ಇದಕ್ಕೆ ತಕ್ಕ ನಿದರ್ಶನ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಅಲ್ಲಿ ಜಲಾಶಯವು ನಿರ್ಮಿತವಾಯಿತು. ಇಂದು ಬೆಂಗಳೂರು ಮುಖ್ಯವಾಗಿ ಕಾವೇರಿಯ ನೀರನ್ನೇ ನೆಚ್ಚಿದ್ದರೂ, ಅಂದು ಕೊಳಾಯಿಯ ನೀರು ಬಂದುದು ಈ ಕೆರೆಯಿಂದ. ಸೋಲದೇವನಹಳ್ಳಿಯ ಯಂತ್ರಾಗಾರದ ಕಡೆಗೆ ನೀರನ್ನೊಯ್ದ ಕಾಲುವೆಯು ಇಟ್ಟಿಗೆ ಗಾರೆಗಳ ಕೆಲಸ. ಸುತ್ತಲ ನೆಲವಾದರೋ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ. ಪದರಗಟ್ಟಿದ ಸುಣ್ಣಶಿಲೆಯು ಅಲ್ಲಿಲ್ಲ.

ಹಾಗಾದರೆ ಇಂತಹ ಸೀಮೆಯಲ್ಲಿ ಸುಣ್ಣವು ಹುಟ್ಟುವುದೆಂತು? ನೈಸ್ ಶಿಲೆಯ ಕೆಲವು ಖನಿಜಗಳಲ್ಲಿ ಕ್ಯಾಲ್ಸಿಯಂ ಧಾತುವುಂಟು. ಶಿಲೆಯು ಶಿಥಿಲವಾದಂತೆ ಅದು ಮಳೆನೀರಿನಲ್ಲಿ ಕರಗಿ ಮಣ್ಣಿಗೆ ಇಳಿಯುವುದು. ಬೇಸಗೆಯಲ್ಲಿ ನೀರಾರಲು, ಬಿಳಿಯ ಗಂಟುಗಂಟಾದ ಹರಳುಗಳಾಗಿ ಉಳಿಯುವುದು. ಕಂಕರವೆಂದು ಕರೆಯುವುದು ಇದನ್ನೇ. ಸಮುದ್ರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದರಲ್ಲಿ ಜೇಡಿಯು ಬೆರೆತಿರುವುದನ್ನು ಕೇವಲ ದೋಷವೆಂದೆಣಿಸುವುದು ಯುಕ್ತವಲ್ಲ: ಹದವಾಗಿ ಸುಟ್ಟರೆ ಆ ಜೇಡಿಯೇ ಸುಣ್ಣಕ್ಕೆ ನೀರಿನಲ್ಲಿಯೂ ಗಟ್ಟಿಯಾಗುವ ಗುಣವನ್ನು ಕೊಡುವುದು. ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಗಾರೆಗೆ ಸೇರಿಸಿ ಅರೆಯುವುದೂ ಇದೇ ಫಲಕ್ಕಾಗಿ. ಶುದ್ಧ ಸುಣ್ಣಶಿಲೆಯು 100 ಪಾಲಿದ್ದರೆ, ಗೂಡಿನಲ್ಲಿ 44 ಪಾಲು ಅಂಗಾರಾಮ್ಲವಾಯುವಾಗಿ ಹೋಗಿ 56 ಪಾಲು ಸುಟ್ಟ ಸುಣ್ಣ ಉಳಿಯುವುದು. ಅದಕ್ಕೆ ನೀರೆರೆದು ಗಾರೆಮಾಡಿ ಕಟ್ಟಿದ ಮೇಲೆ, ಕಳೆದುಕೊಂಡ ವಾಯುವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮರಳಿ ಕಲ್ಲಾಗುವುದು.

ಎರಡನೆಯದು ಭೀಮಾತೀರದ್ದು. ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ನೆಲಸಿದ ಈ ಶಿಲೆಯನ್ನು ಜನರು ಶಹಾಬಾದ್ ಕಲ್ಲೆಂದು ನೆಲಕ್ಕೆ ಹಾಸುವರು. ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪಕ್ಕೆ ಹೊದಿಸಿದ್ದ ಶಿಲ್ಪಫಲಕಗಳೂ ಸುಣ್ಣಶಿಲೆಯವೇ. ಬ್ರಾಹ್ಮೀಲಿಪಿಯಲ್ಲಿ ಅಶೋಕನ ಹೆಸರನ್ನು ಹೊತ್ತ ರಾಜಪ್ರತಿಮೆಯು ಅಲ್ಲಿಯೇ ದೊರೆತುದು. ಅಲ್ಲಿ ಶಿಲೆಯನ್ನು ಕಡೆದರು; ಗಾರೆಯ ಕೆಲಸದಲ್ಲಿ ಸುಟ್ಟು ಅರೆದರು.

ಈ ವಿವೇಚನೆಯು ಜೀರ್ಣೋದ್ಧಾರಕ್ಕೂ ಬೇಕು. ಗಾರೆಯ ಗೋಡೆಯು ತನ್ನ ತೇವವನ್ನು ಸಂದುಗಳ ಮೂಲಕ ಹೊರಗೆ ಬಿಡುವುದು. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ತೇವವು ಇಟ್ಟಿಗೆಯ ಮೂಲಕವೇ ಹೊರಡಬೇಕಾಗುವುದು. ಅದರೊಡನೆ ಬಂದ ಲವಣಗಳು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಮಾಡುವುವು.